ಎದೆನೀರು: ಅಡ್ಡಲಾದ ಹಿಡಿ

“ಮುಚ್ಚಿ” ಎಂದರು ಡಾಕ್ಟರ್.

ಮೇಡಂ ಮುಚ್ಚಿದರು. ನೀರು ಹರಿಯತೊಡಗಿತು.

ಸದ್ದಿಲ್ಲ, ರಭಸವಿಲ್ಲ. ಕಂಬಿಗೆ ತೂಗುಹಾಕಿದ್ದ ಬಾಟಲಿಯಿಂದ ಸಣ್ಣ ನಳಿಕೆಯೊಳಗೆ ಇಳಿದು, ನಡುವೆ ಇದ್ದ ಬೆರಳ ತುದಿಯಷ್ಟು ಪುಟ್ಟ ನಲ್ಲಿಯನ್ನು ದಾಟಿ, ಮೇಜಿನ ಕೆಳಗಿನ ಪ್ಲಾಸ್ಟಿಕ್ ಚೀಲದಲ್ಲಿ ತೆಳ್ಳಗೆ ಹರಡಿಕೊಂಡಿತು. ಬಗ್ಗಿ ನೋಡದಿದ್ದರೆ ಹರಿಯುತ್ತಿದೆ ಎಂದೇ ಗೊತ್ತಾಗುತ್ತಿರಲಿಲ್ಲ.

“ಅಯ್ಯೋ, ಮುಚ್ಚಿದೆನಲ್ಲ?”

“ತೆರೆದ್ರಿ.” ಡಾಕ್ಟರ್ ನಗಲಿಲ್ಲ. ಹಿಡಿಯನ್ನು ಒಂದೇ ಬೆರಳಲ್ಲಿ ತಳ್ಳಿ ಹರಿವನ್ನು ನಿಲ್ಲಿಸಿದರು. “ಯಾಕೆ ಆ ಕಡೆ ತಿರುಗಿಸಿದ್ರಿ, ಹೇಳಿ.”

“ಹಿಡಿ ನಳಿಕೆಯ ಉದ್ದಕ್ಕೆ ಇತ್ತು. ಉದ್ದಕ್ಕೆ ಇದ್ರೆ ತೆರೆದಿದೆ ಅಂತ, ಅಡ್ಡ ಇದ್ರೆ ಮುಚ್ಚಿದೆ ಅಂತ. ನಮ್ಮ ಮನೆ ಗ್ಯಾಸಿಂದು ಹಾಗೇ ಇದೆ.”

“ಗ್ಯಾಸಿಂದು ಹಾಗೇ. ನೀರಿನ ಪೈಪಿಂದೂ ಹಾಗೇ. ಇದು ಮಾತ್ರ ಉಲ್ಟಾ. ಈ ಹಿಡಿ ಯಾವ ಕಡೆಗೆ ಮುಖ ಮಾಡುತ್ತೋ ಆ ಕಡೆಯ ದಾರಿ ಬಂದ್. ರೋಗಿ ಕಡೆಗೆ ಮುಖ ಮಾಡಿ ಉದ್ದಕ್ಕೆ ಮಲಗಿದ್ರೆ ಮುಚ್ಚಿದೆ. ಅಡ್ಡ ನಿಂತ್ರೆ ತೆರೆದಿದೆ. ನಮ್ಮ ಸಿಸ್ಟರ್‌ಗಳಿಗೆ ಇದು ನಿದ್ದೆಗಣ್ಣಲ್ಲೂ ಗೊತ್ತು.”

ಹೋದ ವಾರ ಇದೇ ವಾರ್ಡಿನ ಕಿಟಕಿ ಪಕ್ಕದ ಹಾಸಿಗೆಯಲ್ಲಿ ಒಬ್ಬ ಹೆಂಗಸು ಸತ್ತಿದ್ದಳು; ಎದೆಯ ನೀರು ತೆಗೆಯುವಾಗ ನಲ್ಲಿ ಮುಚ್ಚಲು ಮರೆತಳೆಂದು ವಾರ್ಡಿನ ಸಿಸ್ಟರನ್ನು ಕೆಲಸದಿಂದ ಹೊರಗಿಟ್ಟಿದ್ದರು; ಇವತ್ತು ಮಧ್ಯಾಹ್ನ ಮೂರಕ್ಕೆ ಅವಳ ವಿಚಾರಣೆ.

ಪೊಲೀಸ್ ಇಲಾಖೆ ಬಿಟ್ಟು ಬಂದ ಮೇಲೂ ಊರಿಗೆಲ್ಲ ಮೇಡಂ ಆಗಿಯೇ ಉಳಿದಿದ್ದರು ಅವರು. ಬೆನ್ನ ಹಿಂದೆ ‘ಮಾಜಿ ಮೇಡಂ’. ಅವರ ಬಾಗಿಲಿಗೆ ಬಂದು ಕೂತವಳು ಸಿಸ್ಟರ್ ಅಲ್ಲ, ಸಿಸ್ಟರಿನ ಅತ್ತೆ. “ನನ್ನ ಸೊಸೆಗೆ ಬಾಯಿ ಜೋರು, ನಾನೇ ಹೇಳ್ತೀನಿ. ಆದ್ರೆ ಕೆಲಸದಲ್ಲಿ ಮರೆಯೋಳಲ್ಲ. ಒಲೆ ಆರಿಸಿದೀನಾ ಅಂತ ನಾನು ಮರೀತೀನಿ, ಅವಳು ಮರೆಯಲ್ಲ.” ಸೊಸೆಯ ಪರವಾಗಿ ಅತ್ತೆ ಅಳುವುದನ್ನು ಮೇಡಂ ತಮ್ಮ ಇಷ್ಟು ವರ್ಷದ ಕೆಲಸದಲ್ಲಿ ಕಂಡಿರಲಿಲ್ಲ. ಬೇರೇನನ್ನೂ ಕೇಳದೆ ಒಪ್ಪಿಕೊಂಡಿದ್ದರು.

ಡಾಕ್ಟರ್ ಗೋಡೆಯ ದೀಪ ಹಾಕಿ ಸತ್ತ ಹೆಂಗಸಿನ ಎಕ್ಸ್‌ರೇ ಸಿಕ್ಕಿಸಿದರು. ಎಡಗಡೆ ಶ್ವಾಸಕೋಶ ಕಪ್ಪಗೆ, ಗಾಳಿ ತುಂಬಿಕೊಂಡು ಹಗುರವಾಗಿತ್ತು. ಬಲಗಡೆ ಕೆಳಗಿನಿಂದ ಮೇಲಿನವರೆಗೆ ಬಿಳಿ.

“ಇದು ನೀರು. ಶ್ವಾಸಕೋಶದೊಳಗಲ್ಲ, ಅದರ ಸುತ್ತ, ಪಕ್ಕೆಗೂ ಅದಕ್ಕೂ ನಡುವೆ. ಅವರ ಬೆನ್ನು ತಟ್ಟಿದಾಗಲೇ ಗೊತ್ತಾಯ್ತು. ಎಡಗಡೆ ಟಣ್ ಅಂತಿತ್ತು. ಬಲಗಡೆ ತುಂಬಿದ ಡ್ರಮ್ಮು ತಟ್ಟಿದ ಹಾಗೆ, ಸದ್ದೇ ಸತ್ತಿತ್ತು.”

“ಯಾಕೆ ತುಂಬಿಕೊಳ್ಳುತ್ತೆ?”

“ನೀರು ಕಾಯಿಲೆ ಅಲ್ಲ ಮೇಡಂ. ಯಾವುದೋ ಕಾಯಿಲೆ ಕಳಿಸಿದ ಸುದ್ದಿ. ಹೃದಯ ಸೋತ್ರೂ ತುಂಬುತ್ತೆ, ಕ್ಷಯ ಇದ್ರೂ ತುಂಬುತ್ತೆ, ಗಡ್ಡೆ ಇದ್ರೂ ತುಂಬುತ್ತೆ. ಎಲ್ಲಿಂದ ಬಂದೆ ಅಂತ ಆ ನೀರನ್ನೇ ಕೇಳ್ಬೇಕು. ಅದಕ್ಕೇ ಸೂಜಿ ಹಾಕಿ ತೆಗೆದು ಲ್ಯಾಬಿಗೆ ಕಳಿಸೋದು.”

“ಕೇಳಿದ್ರಾ?”

“ಕೇಳಿದೆ. ಉತ್ತರ ಬರೋ ಹೊತ್ತಿಗೆ ಅವರು ಇರ್ಲಿಲ್ಲ.” ಡಾಕ್ಟರ್ ದೀಪ ಆರಿಸಿದರು. ಬಿಳಿಯೂ ಕಪ್ಪೂ ಒಂದೇ ಆಗಿಹೋಯಿತು. “ಕ್ಷಯ. ಕೆಲವು ತಿಂಗಳು ತಪ್ಪದೆ ಮಾತ್ರೆ ನುಂಗಿದ್ರೆ ವಾಸಿಯಾಗೋ ಕಾಯಿಲೆ. ಮನೆಗೆ ಹೋಗಿ ಅಡುಗೆ ಮಾಡ್ಕೊಂಡು ಇರಬಹುದಿತ್ತು.”

ಹೊರಗೆ ಯಾರದೋ ಟ್ರಾಲಿ ಕಿರಗುಟ್ಟುತ್ತಾ ಹೋಯಿತು.

“ಮನೆಯವರಿಗೆ ಗೊತ್ತಾ?”

“ಮಗಳು ಬಂದು ರಿಪೋರ್ಟ್ ತಗೊಂಡು ಹೋದ್ಲು. ಇಲ್ಲೇ ನಿಂತು ಓದಿದ್ಲು. ಒಂದು ಮಾತೂ ಆಡ್ಲಿಲ್ಲ.”

ಮೇಡಂ ಆ ಮಾತನ್ನು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟುಕೊಂಡರು. “ಸ್ವಲ್ಪ ನೀರು ಜಾಸ್ತಿ ಹೋದ್ರೆ ಸಾವು ಹೇಗೆ ಬರುತ್ತೆ ಡಾಕ್ಟ್ರೇ? ಹೋಗಬೇಕಾದ ನೀರೇ ಅಲ್ವಾ ಅದು?”

“ಎಲ್ರೂ ಹಾಗೇ ಅಂದ್ಕೋತಾರೆ. ಕೊಳೆ ನೀರು, ಎಷ್ಟು ಬೇಗ ಹೋದ್ರೆ ಅಷ್ಟು ಒಳ್ಳೇದು ಅಂತ. ಆದ್ರೆ ಆ ಶ್ವಾಸಕೋಶ ಎಷ್ಟೋ ವಾರ ನೀರಿನ ಭಾರಕ್ಕೆ ಮುದುಡಿ ಬಿದ್ದಿತ್ತು. ಅದನ್ನ ಮೆಲ್ಲಗೆ ಎಬ್ಬಿಸ್ಬೇಕು. ಒಮ್ಮೆಲೇ ಜಾಗ ಬಿಟ್ರೆ ಧಿಗ್ಗನೆ ಹಿಗ್ಗುತ್ತೆ, ಆಮೇಲೆ ಅದರೊಳಗೇ ನೀರು ಒಸರೋಕೆ ಶುರುವಾಗುತ್ತೆ. ಅದಕ್ಕೇ ಒಂದೂವರೆ ಲೀಟರಿಗೆ ನಿಲ್ಲಿಸಿ, ಸಂಜೆ ನಾನು ಬಂದು ನೋಡೋವರೆಗೆ ತೆರೀಬೇಡಿ ಅಂದಿದ್ದೆ.”

“ಅದರಿಂದಲೇ ಸತ್ರು ಅಂತ ಆಣೆ ಮಾಡ್ತೀರಾ?”

ಡಾಕ್ಟರ್ ತಡೆದು ಹೇಳಿದರು. “ಇಲ್ಲ. ಸರಿಯಾಗಿ ಮುಚ್ಚಿದ್ರೂ ಅಪರೂಪಕ್ಕೆ ಆಗೋದುಂಟು. ಆದ್ರೆ ಚೀಲದ ಮೇಲೆ ಸಿಸ್ಟರ್ ಪೆನ್ನಿನಲ್ಲಿ ಗೆರೆ ಎಳೆದಿದ್ಲು, ಇಲ್ಲಿಗೆ ನಿಲ್ಲಿಸಿದೆ ಅಂತ. ನೀರು ಆ ಗೆರೆಯ ಎರಡರಷ್ಟು ಎತ್ತರದಲ್ಲಿತ್ತು. ಗೆರೆ ಎಳೆದು ನಲ್ಲಿ ಮರೆತಳು ಅಂತಾರೆ ವಿಚಾರಣೆಯವರು.”

“ನೀವೇನಂತೀರಿ?”

“ಗೆರೆ ಎಳೆಯೋಷ್ಟು ಜ್ಞಾನ ಇದ್ದೋಳು ನಲ್ಲಿ ಮರೀತಾಳಾ ಅಂತೀನಿ. ಆದ್ರೆ ನಾನು ಅನ್ನೋದು ಸಾಕ್ಷಿ ಆಗಲ್ಲ.”

ಮೇಡಂ ಮೇಜಿನ ಮೇಲಿದ್ದ ಇನ್ನೊಂದು ಹೊಸ ನಲ್ಲಿಯನ್ನು ಕೈಚೀಲಕ್ಕೆ ಹಾಕಿಕೊಂಡರು. ಡಾಕ್ಟರ್ ಬೇರೆ ಕಡೆ ನೋಡಿದರು.

ಆ ಹೆಂಗಸು ಸತ್ತ ದಿನ ಮಧ್ಯಾಹ್ನ ಅವಳ ಹಾಸಿಗೆಯ ಸುತ್ತಿನ ಪರದೆಯೊಳಗೆ ಹೋದವರು ಸಿಸ್ಟರನ್ನು ಬಿಟ್ಟರೆ ಮೂವರೇ. ಗಂಡ, ಮಗಳು, ನೆಲ ಒರೆಸುವ ಆಯಾ.

ಆಯಾ ಮೆಟ್ಟಿಲ ಬಳಿ ಸಿಕ್ಕಳು. ಪ್ರಶ್ನೆ ಮುಗಿಯುವ ಮೊದಲೇ ಒರೆಸುವ ಕೋಲನ್ನು ಗೋಡೆಗೆ ಒರಗಿಸಿ ಸೊಂಟಕ್ಕೆ ಕೈಯಿಟ್ಟಳು.

“ನಾನಾ? ಆ ಪೈಪಾ? ನೋಡಿ ಅಮ್ಮಾ, ಈ ಆಸ್ಪತ್ರೆಯಲ್ಲೇ ನನ್ನ ತಲೆ ಬೆಳ್ಳಗಾಯ್ತು. ಪೈಪು, ವೈರು, ಗುಯ್ ಅನ್ನೋ ಮಿಷನ್ನು, ಒಂದನ್ನೂ ಮುಟ್ಟಿದೋಳಲ್ಲ. ನೆಲ ನನ್ನದು. ನೆಲದಿಂದ ಮೇಲಿರೋದೆಲ್ಲ ಅವರದು.”

“ಚೀಲ ತುಂಬ್ತಾ ಇದ್ದದ್ದು ಕಾಣ್ಲಿಲ್ವಾ? ಅದು ನೆಲದ ಹತ್ರಾನೇ ತಾನೆ ಇರೋದು?”

“ಕಂಬಳಿ ಇಳಿಬಿದ್ದಿತ್ತು. ಆಯಮ್ಮ ಚಳಿ ಚಳಿ ಅಂತಿದ್ರು.” ಆಯಾಳ ದನಿ ತಗ್ಗಿತು. “ಒಳ್ಳೇ ಹೆಂಗಸು. ನಾನು ಒರೆಸೋವಾಗ ಕಾಲು ಎತ್ಕೊಳ್ಳೋರು. ಉಸಿರಾಡೋಕೆ ಆಗ್ದಿದ್ರೂ ಎತ್ಕೊಳ್ಳೋರು.”

“ನೋಡೋಕೆ ಬಂದೋರು ಯಾರಾದ್ರೂ ಪೈಪು ಮುಟ್ಟಿರಬಹುದಾ?”

“ಬಂದೋರಾ! ಸಲೈನ್ ಖಾಲಿಯಾದ್ರೆ ‘ಸಿಸ್ಟರ್, ಸಿಸ್ಟರ್’ ಅಂತ ಬೆಂಕಿ ಬಿದ್ದ ಹಾಗೆ ಓಡಿ ಬರ್ತಾರೆ. ಅವರು ಮುಟ್ತಾರಾ? ಕೈಯಲ್ಲಿ ಧೈರ್ಯ ಇದ್ದೋರು ಅಂದ್ರೆ ಅವರ ಯಜಮಾನ್ರು ಒಬ್ಬರೇ. ಬಂದ ದಿನಾನೇ ನಮ್ಮ ಬಚ್ಚಲ ನಲ್ಲಿ ರಿಪೇರಿ ಮಾಡಿಕೊಟ್ರು. ಆಫೀಸಿಗೆ ಹೇಳಿ ಹೇಳಿ ನನ್ನ ಗಂಟಲು ಒಣಗಿತ್ತು, ನಲ್ಲಿ ಮಾತ್ರ ಸುರೀತಾನೇ ಇತ್ತು. ಅವರು ಹೋಗಿ ಎರಡು ಸಲ ಹೀಗೆ, ಒಂದು ಸಲ ಹಾಗೆ. ಆಯ್ತು. ಚಿನ್ನದಂಥ ಕೈ.”

ಮೇಡಂ ಕೈಚೀಲದೊಳಗಿನ ನಲ್ಲಿಯ ಹಿಡಿಯನ್ನು ಬೆರಳಲ್ಲಿ ತಡವಿದರು.

ಆಸ್ಪತ್ರೆಯಿಂದ ಹೊರಬಂದು ರಸ್ತೆ ದಾಟುವಾಗ ಫೋನು ಬಂತು. ಸಿಸ್ಟರ್.

“ಮೇಡಂ, ನೀವು ಸುಮ್ನೆ ಓಡಾಡಬೇಡಿ. ನಾನು ಒಪ್ಕೊಂಡ್ಬಿಡ್ತೀನಿ.”

“ಏನನ್ನ?”

“ಮರೆತೆ ಅಂತ.”

“ಮರೆತಿದ್ರಾ?”

“ಮೊದಲನೇ ದಿನ ಕೇಳಿದ್ರೆ ಖಂಡಿತ ಇಲ್ಲ ಅಂತಿದ್ದೆ. ಈಗ ಕಣ್ಣು ಮುಚ್ಚಿದ್ರೆ ಸಾಕು, ಹಿಡಿ ಅಡ್ಡ ಇದ್ದ ಹಾಗೇ ಕಾಣುತ್ತೆ. ಎಲ್ರೂ ಮರೆತೆ ಮರೆತೆ ಅಂದೂ ಅಂದೂ, ನನ್ನ ಕೈ ಏನು ಮಾಡ್ತು ಅಂತ ನನಗೇ ನಂಬಿಕೆ ಇಲ್ಲ. ಅತ್ತೆ ಹಾಲು ಕಾಯಿಸು ಅಂದ್ರು ಬೆಳಿಗ್ಗೆ. ಒಲೆ ಮುಂದೆ ನಿಂತೇ ಇದ್ದೆ. ಹಚ್ಚೋಕೆ ಭಯ ಆಯ್ತು ಮೇಡಂ.”

“ಮೂರು ಗಂಟೆವರೆಗೆ ಬಾಯಿ ಬಿಗಿ ಹಿಡ್ಕೊಂಡಿರಿ. ನಿಮ್ಮ ಬಾಯಿಗೆ ಅದು ಕಷ್ಟ, ಗೊತ್ತು.”

ಸಿಸ್ಟರ್ ನಗಲು ಹೋಗಿ ಅತ್ತಳು.

ಕೆಲಸ ಹೋದರೆ ಇನ್ನೊಂದು ಕೆಲಸ ಸಿಗಬಹುದು. ಆದರೆ ತನ್ನ ಕೈಯನ್ನೇ ತಾನು ನಂಬದ ಹೆಂಗಸು ಯಾವ ಕೆಲಸಕ್ಕೆ ಹೋದಾಳು? ಮೂರು ಗಂಟೆಗೆ ಆ ಹುಡುಗಿ ಮಾಡದ ತಪ್ಪನ್ನು ಒಪ್ಪಿಕೊಂಡರೆ ಉಳಿದ ಆಯುಷ್ಯವೆಲ್ಲ ಅದನ್ನು ಮಾಡಿದವಳಾಗಿಯೇ ಬದುಕುತ್ತಾಳೆ ಎಂದು ಮೇಡಂಗೆ ಅನ್ನಿಸಿತು. ಅವರು ಹೆಜ್ಜೆ ಚುರುಕುಗೊಳಿಸಿದರು.

ಸತ್ತ ಹೆಂಗಸಿನ ಮನೆ ಇಕ್ಕಟ್ಟಾದ ಬೀದಿಯಲ್ಲಿ, ಮಹಡಿಯ ಮೇಲೆ. ಮೆಟ್ಟಿಲು ಕಡಿದು. ನಡುವಿನ ತಿರುವಿನಲ್ಲಿ, ಗೋಡೆಯ ಸುಣ್ಣದ ಮೇಲೆ, ಭುಜದ ಎತ್ತರಕ್ಕೆ ಒಂದು ಕಡೆ ಮಾತ್ರ ಮಾಸಿತ್ತು. ಮೇಡಂ ಅಲ್ಲಿ ನಿಂತರು. ಇದು ದಿನಾ ಒಬ್ಬರು ಒರಗಿ ನಿಂತ ಗುರುತು. ಕೈಯಲ್ಲಿ ತರಕಾರಿ ಚೀಲ ಹಿಡಿದು, ಮೇಲೆ ಇರುವವರಿಗೆ ಏದುಸಿರು ಕೇಳದಂತೆ ಇಲ್ಲೇ ನಿಂತು, ಉಸಿರು ಹದಕ್ಕೆ ಬಂದ ಮೇಲೆ ಏನೂ ಆಗದವರ ಹಾಗೆ ಹತ್ತಿ ಹೋಗುತ್ತಿದ್ದಳು ಅವಳು. ಎಷ್ಟು ತಿಂಗಳು ಹೀಗೆ ನಿಂತಿದ್ದಳೋ. ಹೆಂಗಸರು ದುಡ್ಡು ಬಚ್ಚಿಡುತ್ತಾರೆ ಎಂದು ಗಂಡಸರು ತಮಾಷೆ ಮಾಡುತ್ತಾರೆ. ಅವರು ಉಸಿರನ್ನೂ ಬಚ್ಚಿಡುತ್ತಾರೆ ಎಂದು ಯಾರಿಗೂ ಹೊಳೆಯುವುದಿಲ್ಲ.

ಬಾಗಿಲು ತೆರೆದವರು ಯಜಮಾನರು. ಎತ್ತರದ ಆಳು, ಈಗ ಸ್ವಲ್ಪ ಬಾಗಿದ್ದರು. ಅಗಲವಾದ ಅಂಗೈ. ಬನಿಯನ್ ಮೇಲೆ ಹೆಂಡತಿಯದಿರಬೇಕಾದ ಶಾಲು ಹೊದ್ದಿದ್ದರು.

“ಬನ್ನಿ, ಬನ್ನಿ. ಆಸ್ಪತ್ರೆ ಕಡೆಯಿಂದಲಾ? ಕೂತ್ಕೊಳ್ಳಿ. ನೀರು ಕುಡೀತೀರಾ? ಈ ಬೀದಿ ನೀರು ಚೆನ್ನಾಗಿದೆ. ಮೂವತ್ತು ವರ್ಷ ನಾನೇ ಬಿಟ್ಟಿದ್ದು.”

“ನೀವೇ ಅಂದ್ರೆ?”

“ನೀರು ಸರಬರಾಜಲ್ಲಿ ವಾಲ್ವ್ ತಿರುಗಿಸೋ ಕೆಲಸ. ಬೆಳಿಗ್ಗೆ ಈ ಬೀದಿಗೆ ಬಿಡೋದು, ಆಮೇಲೆ ಮುಚ್ಚಿ ಆ ಬೀದಿಗೆ ಬಿಡೋದು. ಐದು ನಿಮಿಷ ತಡ ಆದ್ರೆ ಹೆಂಗಸರೆಲ್ಲ ಕೊಡ ಹಿಡ್ಕೊಂಡು ನನ್ನ ಮನೆ ಮುಂದೆ. ನಮ್ಮ ಮನೆಗೆ ಮಾತ್ರ, ಇವಳಿಗೋಸ್ಕರ ಅಂತ, ಒಂದು ಬಿಂದಿಗೆ ಜಾಸ್ತಿ ಬಿಟ್ಟೋನಲ್ಲ. ಸಾಯೋವರೆಗೂ ಅಂದ್ಲು ಅದನ್ನ.” ನಕ್ಕರು. ನಗು ಗೋಡೆಯ ಕಡೆ ತಿರುಗಿ ಅಲ್ಲೇ ನಿಂತಿತು.

ಗೋಡೆ ಪಕ್ಕದ ಮಂಚದ ಮೇಲೆ ದಿಂಬುಗಳನ್ನು ಒಂದರ ಮೇಲೊಂದು ಪೇರಿಸಿಟ್ಟದ್ದು ಹಾಗೇ ಇತ್ತು. ಮಲಗಲಾರದೆ ಕೂತೇ ನಿದ್ದೆ ಮಾಡಿದವಳ ಒರಗು. ಅದನ್ನು ತೆಗೆಯಲು ಈ ಮನೆಯಲ್ಲಿ ಯಾರಿಗೂ ಕೈ ಬಂದಿರಲಿಲ್ಲ.

“ನಾನು ಆಸ್ಪತ್ರೆಯವಳಲ್ಲ. ಆ ಸಿಸ್ಟರ್ ಪರವಾಗಿ ಬಂದಿದ್ದೀನಿ. ಇವತ್ತು ಮೂರಕ್ಕೆ ಅವಳ ಮೇಲೆ ವಿಚಾರಣೆ ಇದೆ.”

“ಸಿಸ್ಟರ್ ಮೇಲೆ? ಯಾವುದಕ್ಕೆ?” ಅವರ ಹುಬ್ಬು ಗಂಟಾಯಿತು.

ಒಳಬಾಗಿಲಲ್ಲಿ ಮಗಳು ನಿಂತಿದ್ದಳು. ನಲವತ್ತರ ಹತ್ತಿರದವಳು, ಕಣ್ಣ ಕೆಳಗೆ ಕಪ್ಪು.

“ಏನಿಲ್ಲಪ್ಪಾ, ಆಸ್ಪತ್ರೆಯವರ ಒಳಗಿನ ಜಗಳ. ನೀವು ಹೋಗಿ ಸ್ವಲ್ಪ ಮಲಗಿ. ಮೇಡಂ, ಅಡುಗೆಮನೆಗೆ ಬನ್ನಿ, ಚಹಾ ಮಾಡ್ತೀನಿ.”

ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಮಗಳು ಬಾಗಿಲು ಮುಂದಕ್ಕೆ ತಳ್ಳಿ, ನೀರಿಟ್ಟು, ಒಲೆ ಹಚ್ಚಿದಳು.

“ಅಪ್ಪನ ಮುಂದೆ ಏನೂ ಮಾತಾಡಬೇಡಿ. ಅವರಿಗೆ ಆಗಲ್ಲ.”

“ನಲ್ಲಿ ತೆರೆದದ್ದು ಸಿಸ್ಟರ್ ಅಲ್ಲ ಅಂತ ನಿಮಗೆ ಗೊತ್ತು.”

ಮಗಳು ಚಹಾಪುಡಿಯ ಡಬ್ಬಿಯ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಆಮೇಲೆ ಮೇಡಂ ಕಡೆ ತಿರುಗಿ ಪಾಠ ಒಪ್ಪಿಸಿದಂತೆ ಹೇಳಿದಳು:

“ನಾನೇ ತೆರೆದೆ.”

“ಯಾಕೆ?”

“ಅಮ್ಮ ಒದ್ದಾಡ್ತಿದ್ಲು. ನೀರು ಇನ್ನೂ ಹೋದ್ರೆ ಹಗುರ ಆಗುತ್ತೆ ಅಂತ ತೆರೆದೆ. ಬರ್ಕೊಳ್ಳಿ. ಮೂರು ಗಂಟೆಗೆ ನಾನೇ ಬಂದು ಹೇಳ್ತೀನಿ.”

“ಹೇಗೆ ತೆರೆದ್ರಿ?”

“ಹೇಗೆ ಅಂದ್ರೆ? ತಿರುಗಿಸಿದೆ. ಬಿಗಿಯಾಗಿತ್ತು. ಎರಡು ಸುತ್ತು ತಿರುಗಿಸಿದ ಮೇಲೆ ಬಂತು.”

ಮೇಡಂ ಕೈಚೀಲದಿಂದ ನಲ್ಲಿಯನ್ನು ತೆಗೆದು ಕಟ್ಟೆಯ ಮೇಲೆ, ಸಕ್ಕರೆ ಡಬ್ಬಿಯ ಪಕ್ಕ ಇಟ್ಟರು. ಮಗಳು ಅದನ್ನು ನೋಡಿದಳು. ಅಷ್ಟು ಹತ್ತಿರದಿಂದ ಅದನ್ನು ಅವಳು ನೋಡಿದ್ದು ಅದೇ ಮೊದಲು ಎಂದು ಮುಖವೇ ಹೇಳಿತು.

“ಅದಕ್ಕೆ ಸುತ್ತು ಅನ್ನೋದೇ ಇಲ್ಲಮ್ಮ. ಬೆರಳಲ್ಲಿ ಪಕ್ಕಕ್ಕೆ ತಳ್ಳಿದ್ರೆ ಆಯ್ತು. ಮುಟ್ಟಿ ನೋಡಿ.”

ಮಗಳು ಮುಟ್ಟಲಿಲ್ಲ. ನೀರು ಕುದಿಯಿತು. ಉಕ್ಕಲು ಬಂದಾಗ ಒಲೆ ಆರಿಸಿ, ಅಭ್ಯಾಸಬಲದಿಂದ ಗ್ಯಾಸಿನ ಕೊಳವೆಯ ಹಿಡಿಯನ್ನೂ ಅಡ್ಡ ತಿರುಗಿಸಿದಳು. ತಿರುಗಿಸಿದ ಕೈ ಅಲ್ಲೇ ನಿಂತುಬಿಟ್ಟಿತು.

“ಇದನ್ನ ಅಪ್ಪನೇ ಹೇಳಿಕೊಟ್ಟಿದ್ದು” ಎಂದಳು. ದನಿ ಈಗ ಬೇರೆಯಾಗಿತ್ತು. “ನಾನು ಇಷ್ಟುದ್ದ ಇದ್ದಾಗ. ‘ಪುಟ್ಟೀ, ಉದ್ದ ಇದ್ರೆ ಹರಿಯುತ್ತೆ, ಅಡ್ಡ ಇದ್ರೆ ನಿಲ್ಲುತ್ತೆ. ಮರೀಬೇಡ’ ಅಂತ.”

ಮೇಡಂ ಕಾದರು.

“ನಾನು ಔಷಧಿ ಅಂಗಡಿಗೆ ಹೋಗಿದ್ದೆ. ವಾಪಸ್ ಬಂದು ಪರದೆ ಸರಿಸಿದಾಗ ಅಪ್ಪ ಕೈ ಹಿಂದಕ್ಕೆ ತಗೊಂಡ್ರು. ಅಮ್ಮನ ಹಣೆ ಸವರ್ತಾ, ‘ನಿಲ್ಲಿಸ್ದೆ ಕಣೇ, ಇನ್ನು ಎದೆ ಎಳಿಯಲ್ಲ’ ಅಂದ್ರು. ಅಮ್ಮ ಅವರ ಮುಖ ನೋಡಿ ತಲೆ ಆಡಿಸಿದ್ಲು. ಕೆಮ್ಮು ಅಷ್ಟಿತ್ತು, ಆದ್ರೂ ತಲೆ ಆಡಿಸಿದ್ಲು. ನನಗೆ ಆಗ ಏನೂ ಅನ್ನಿಸ್ಲಿಲ್ಲ. ಆಮೇಲೆ ಸಿಸ್ಟರ್ ಓಡಿ ಬಂದು ನಮ್ಮನ್ನ ಹೊರಗೆ ಕಳಿಸಿದ್ರು. ಅಪ್ಪ ಅಂಗಳದ ಬೆಂಚಿಗೆ ಹೋಗಿ ಕೂತ್ರು. ನಾನು ಪರದೆ ಹತ್ರಾನೇ ನಿಂತಿದ್ದೆ. ‘ಯಾರು ಇದನ್ನ ತೆರೆದಿದ್ದು?’ ಅಂತ ಸಿಸ್ಟರ್ ಕಿರುಚಿದ್ದು ಕೇಳಿಸ್ತು.”

“ಆಗ ಗೊತ್ತಾಯ್ತು.”

“ಆಗ ಗೊತ್ತಾಯ್ತು.”

“ರಿಪೋರ್ಟ್ ಬಂದಾಗ?”

“ಗಡ್ಡೆ ಅಂತ ಹೇಳಿದೀನಿ ಅಪ್ಪಂಗೆ. ಕೊನೆ ಹಂತ, ಏನು ಮಾಡಿದ್ರೂ ಉಳೀತಿರ್ಲಿಲ್ಲ ಅಂತ.” ಮಗಳು ಕಟ್ಟೆಗೆ ಒರಗಿದಳು. “ದಿನಾ ರಾತ್ರಿ ಒಂದೇ ಮಾತು ಕೇಳ್ತಾರೆ ಮೇಡಂ. ‘ಕೊನೆಗೆ ಅವಳಿಗೆ ನೋವು ಕಮ್ಮಿ ಆಯ್ತು ಅಲ್ವಾ? ನಾನು ನಿಲ್ಲಿಸ್ದೆನಲ್ಲ.’ ಹೌದಪ್ಪಾ ಅಂತೀನಿ. ಆಮೇಲೆ ನಿದ್ದೆ ಮಾಡ್ತಾರೆ. ಅಷ್ಟು ವರ್ಷ ಸಂಸಾರ ಮಾಡಿ ಅವಳಿಗೋಸ್ಕರ ನಾನು ಏನೂ ಮಾಡ್ಲಿಲ್ಲ, ಇದೊಂದು ಮಾಡಿದೆ ಅನ್ನೋದೊಂದೇ ಅವರಿಗೆ ಉಳಿದಿರೋದು. ಅದನ್ನೂ ಕಿತ್ಕೊಳ್ಳಿ ಅಂತೀರಾ?”

ಠಾಣೆಯಲ್ಲಿ ಕೂತಿದ್ದರೆ ಮೇಡಂ ಕೇಳಬಹುದಾದ ಪ್ರಶ್ನೆಗಳು ಹತ್ತು ಇದ್ದವು. ಕುದಿದು ಆರುತ್ತಿರುವ ಚಹಾದ ಪಾತ್ರೆಯ ಮುಂದೆ ಒಂದೂ ಹೊರಡಲಿಲ್ಲ.

“ಆ ಸಿಸ್ಟರ್ ಇವತ್ತು ಬೆಳಿಗ್ಗೆ ಒಲೆ ಹಚ್ಚೋಕೆ ಹೆದರಿದ್ಲಂತೆ” ಎಂದರು ಕೊನೆಗೆ.

ಮಗಳು ತಲೆಯೆತ್ತಿದಳು.

“ತಾನೇ ಮರೆತೆ ಅಂತ ಅವಳಿಗೇ ಅನ್ನಿಸೋಕೆ ಶುರುವಾಗಿದೆ. ಮೂರಕ್ಕೆ ಒಪ್ಕೋತಾಳೆ. ನಿಮ್ಮ ಅಮ್ಮನ್ನ ಕೊಂದೋಳು ನಾನು ಅಂತ ಅಂದ್ಕೊಂಡು ಬದುಕ್ತಾಳೆ.”

“ಅವಳಿಗೆ ವಯಸ್ಸಿದೆ. ತಡ್ಕೋತಾಳೆ.”

“ನೀವು ತಡ್ಕೋತಿದ್ದೀರಾ?”

ಮಗಳ ಮುಖ ಕಿವುಚಿಕೊಂಡಿತು. ಸದ್ದಾಗದಂತೆ ಅಳುವುದು ಅವಳಿಗೆ ಅಭ್ಯಾಸವಾಗಿತ್ತು. ಬಾಯಿಗೆ ಅಂಗೈ ಒತ್ತಿಕೊಂಡು, ಭುಜ ಮಾತ್ರ ಅಲುಗುವಂತೆ ಅತ್ತಳು. ಅಮ್ಮ ಮೆಟ್ಟಿಲ ತಿರುವಿನಲ್ಲಿ ಉಸಿರು ಅಡಗಿಸಿದಳು, ಮಗಳು ಅಡುಗೆಮನೆಯಲ್ಲಿ ಅಳು ಅಡಗಿಸುತ್ತಿದ್ದಾಳೆ. ಈ ಮನೆಯ ಗಂಡಸು ಕೆಟ್ಟವನಲ್ಲ. ಅವನಿಗೆ ಕೇಳಿಸಬಾರದು ಎಂದು ಇಬ್ಬರೂ ಪ್ರೀತಿಯಿಂದಲೇ ತೀರ್ಮಾನಿಸಿದ್ದರು.

“ನಾನೇ ಮಾಡಿದೆ ಅಂತ ಹೇಳ್ತೀನಿ ಅಂದ್ನಲ್ಲ. ಅಷ್ಟು ಸಾಲದಾ? ಹಿಡಿ ಹೇಗೆ ತಿರುಗುತ್ತೆ ಅಂತ ಈಗ ಗೊತ್ತಾಯ್ತು. ಸರಿಯಾಗಿ ಹೇಳ್ತೀನಿ. ಸಿಸ್ಟರ್ ಉಳೀತಾಳೆ, ಅಪ್ಪನೂ ಉಳೀತಾರೆ.”

“ನೀವು?”

“ನಾನೇನು. ಇದ್ದೇ ಇರ್ತೀನಿ.”

ಮೇಡಂ ನಲ್ಲಿಯನ್ನು ಮತ್ತೆ ಕೈಚೀಲಕ್ಕೆ ಹಾಕಿಕೊಂಡರು. ಸುಳ್ಳು ಸಾಕ್ಷಿ ಎಂದು ಗೊತ್ತಿದ್ದೂ ಅದನ್ನು ವಿಚಾರಣೆಯ ಮೇಜಿನ ಮುಂದೆ ನಿಲ್ಲಿಸುವುದೇ? ಅಥವಾ ಒಂದು ಮುದಿ ಜೀವದ ನಿದ್ದೆಯನ್ನು ಕದಡುವುದೇ? ಗೋಡೆಯ ಗಡಿಯಾರ ಎರಡು ದಾಟಿತ್ತು. ಒಂದು ದಾರಿ ಇತ್ತೇನೋ. ಡಾಕ್ಟರೇ ಹೇಳಿದ್ದರಲ್ಲ, ಸರಿಯಾಗಿ ಮುಚ್ಚಿದರೂ ಅಪರೂಪಕ್ಕೆ ಹೀಗಾಗುವುದುಂಟು ಎಂದು. ಅದನ್ನು ಹಿಡಿದು ವಿಚಾರಣೆಯನ್ನು ಒಂದು ವಾರ ಮುಂದೂಡಿಸಿದರೆ, ಅಷ್ಟರಲ್ಲಿ…

ಅಡುಗೆಮನೆಯ ಬಾಗಿಲು ತೆರೆಯಿತು.

ಯಜಮಾನರು ನಿಂತಿದ್ದರು. ಶಾಲು ಇರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ ಕತ್ತಿನವರೆಗೆ ಗುಂಡಿ ಹಾಕಿಕೊಂಡಿದ್ದರು. ಒದ್ದೆ ಕೂದಲನ್ನು ಹಿಂದಕ್ಕೆ ಬಾಚಿದ್ದರು. ಕಾಲಲ್ಲಿ ಬೂಟು. ಬಹಳ ದಿನಗಳ ಮೇಲೆ ಕೆಲಸಕ್ಕೆ ಹೊರಟವರ ಹಾಗೆ ಕಂಡರು.

“ಮೂರಕ್ಕೆ ಅಂದ್ರಲ್ಲ ಮೇಡಂ? ನಾನೂ ಬರ್ತೀನಿ.”

“ಅಪ್ಪಾ, ನೀವ್ಯಾಕೆ?” ಮಗಳು ಮುಖ ಒರೆಸಿಕೊಂಡು ಮುಂದೆ ಬಂದಳು.

“ಸುಮ್ನಿರು ಪುಟ್ಟೀ. ನನಗೆ ಎಲ್ಲ ಗೊತ್ತಾಯ್ತು, ನೀನು ಮುಚ್ಚಿಡಬೇಡ. ಕೆಳಗಿನ ಮನೆಯವರನ್ನ ಕೇಳಿದೆ. ನಲ್ಲಿ ಮುಚ್ಚಲಿಲ್ಲ ಅಂತ ತಾನೆ ಆ ಸಿಸ್ಟರನ್ನ ಮನೆಯಲ್ಲಿ ಕೂರಿಸಿರೋದು?” ಅವರು ಮೇಡಂ ಕಡೆ ತಿರುಗಿದರು. “ನೋಡಿ, ಆ ಮಗು ಮರೆತಿದ್ದು ನಿಜ. ನಾನು ಕಣ್ಣಾರೆ ಕಂಡೆ. ಹಿಡಿ ಉದ್ದಕ್ಕೇ ಇತ್ತು. ಪಾಪ, ಅಷ್ಟು ಜನರನ್ನ ಒಬ್ಬಳೇ ನೋಡ್ಕೋಬೇಕು, ಮರೀದೆ ಏನು ಮಾಡ್ತಾಳೆ? ಹೇಳಿದ್ರೆ ಅವಳಿಗೆ ಬೈತಾರೆ ಅಂತ ನಾನು ಯಾರ ಹತ್ರಾನೂ ಬಾಯಿ ಬಿಡ್ಲಿಲ್ಲ.”

“ಯಜಮಾನ್ರೇ…”

“ಇರಿ, ಪೂರ್ತಿ ಕೇಳಿ. ಮರೆತಳು, ಆದ್ರೆ ಅದರಿಂದ ಏನೂ ಕೆಡಲಿಲ್ಲ. ಇವಳಮ್ಮ ಸಾಕು ಸಾಕು ಅಂದ ಕೂಡ್ಲೇ ನಾನು ಅಡ್ಡ ತಿರುಗಿಸಿ ನಿಲ್ಲಿಸಿದೀನಿ. ಇದನ್ನ ಮೊದಲೇ ಹೇಳಿದ್ರೆ ಆ ಹುಡುಗಿಗೆ ಇಷ್ಟು ಕಷ್ಟ ಇರ್ತಿರ್ಲಿಲ್ಲ. ನನ್ನದೇ ತಪ್ಪು. ಎಲ್ಲ ಡಾಕ್ಟ್ರ ಮುಂದೆ ಹೇಳ್ತೀನಿ. ಒಂದು ನಲ್ಲಿ ತಂದುಕೊಡ್ಲಿ, ಹೇಗೆ ಮುಚ್ಚಿದೆ ಅಂತ ಅಲ್ಲೇ ಕೈಯಾರೆ ಮಾಡಿ ತೋರಿಸ್ತೀನಿ.”

ಮಗಳು ಅಪ್ಪನ ತೋಳು ಹಿಡಿದುಕೊಂಡಳು. ಬಿಡಲಿಲ್ಲ.

ಮೇಡಂ ಅವಳನ್ನು ನೋಡಿದರು. ಅವಳು ಮೇಡಂ ಅವರನ್ನು ನೋಡಿದಳು. ಇಬ್ಬರಲ್ಲಿ ಯಾರೂ ಯಜಮಾನರ ಕಡೆ ನೋಡಲಿಲ್ಲ.

ಯಜಮಾನರು ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ಕಣ್ಣು ಹೊರಳಿಸಿದರು. ಅಂಗಿಯ ಕೊನೆಯ ಗುಂಡಿಯ ಮೇಲಿದ್ದ ಅವರ ಅಗಲವಾದ ಕೈ ನಿಧಾನವಾಗಿ ಕೆಳಗಿಳಿಯಿತು.

“ಯಾಕೆ ಇಬ್ಬರೂ ಹೀಗೆ ನಿಂತ್ರಿ?” ಎಂದರು. “ಪುಟ್ಟೀ, ನಾನು ಮುಚ್ಚಿದ್ದು ಸರಿ ತಾನೆ?”